ಕಾನೂನು ಕೇಳಿ: ಗಾಂಜಾ ಔಷಧಿ ತೆಗೆದುಕೊಳ್ಳುವವರು ಕಾರು ಓಡಿಸಬಹುದೇ?

ಪ್ರಶ್ನೆ: ನಾನು ಪೆನ್ಸಿಲ್ವೇನಿಯಾದಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ನರದ ನೋವಿಗೆ ಡಾಕ್ಟರ ಒಪ್ಪಿಗೆ ಪಡೆದು ಮೆಡಿಕಲ್ ಮರಿಜುವಾನಾ ಕಾರ್ಡ್ ಮಾಡಿಸಿಕೊಂಡಿದ್ದೇನೆ. ದಿನಾ ರಾತ್ರಿ ನಾಲಿಗೆಯ ಕೆಳಗೆ ನಾಲ್ಕು ಹನಿ, ಅಷ್ಟೇ. ಬೆಳಿಗ್ಗೆ ತಲೆ ತಿಳಿಯಾಗಿರುತ್ತದೆ, ಕಾರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಪೊಲೀಸರು ನಿಲ್ಲಿಸಿದರೆ ಕಾರ್ಡ್ ತೋರಿಸಿದರೆ ಸಾಕಲ್ವಾ? ಮುಂದಿನ ವರ್ಷ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ. (ಹೆಸರು ಬೇಡ)

ಉತ್ತರ: ಸಾಲದು ಸ್ವಾಮಿ. ರಸ್ತೆಯಲ್ಲಿ ಆ ಕಾರ್ಡ್ ತೋರಿಸಿದರೆ ಪೊಲೀಸರ ಅರ್ಧ ಕೆಲಸ ನೀವೇ ಮುಗಿಸಿಕೊಟ್ಟ ಹಾಗೆ.

ನಿಮ್ಮ ರಾಜ್ಯ 2016ರಲ್ಲಿ ಗಾಂಜಾವನ್ನು ಔಷಧಿ ಅಂತ ಒಪ್ಪಿತು. ಆದರೆ ಡಿಯುಐ, ಅಂದರೆ ಅಮಲಿನಲ್ಲಿ ವಾಹನ ಓಡಿಸುವುದರ ವಿರುದ್ಧದ ಕಾನೂನಿನಲ್ಲಿ ಕಾರ್ಡ್ ಇದ್ದವರಿಗೆ ವಿನಾಯಿತಿ ಕೊಡಲಿಲ್ಲ. ನಿಮಗೆ ಅಮಲು ಇತ್ತೇ ಎಂದು ಯಾರೂ ಸಾಬೀತು ಮಾಡಬೇಕಿಲ್ಲ. ಗಾಂಜಾದಲ್ಲಿ ಅಮಲು ತರುವ ಅಂಶ ಟಿಎಚ್‌ಸಿ; ಒಂದು ಮಿಲಿಲೀಟರ್ ರಕ್ತದಲ್ಲಿ ಅದು 1 ನ್ಯಾನೋಗ್ರಾಂ ಸಿಕ್ಕರೆ ಕೇಸು ಗಟ್ಟಿಯಾಗುತ್ತದೆ. ಟಿಎಚ್‌ಸಿ ಹೋಗಿ ಕೊಬ್ಬಿನಲ್ಲಿ ಕೂತುಕೊಳ್ಳುತ್ತದೆ. ದಿನಾ ತೆಗೆದುಕೊಳ್ಳುವವರ ರಕ್ತಕ್ಕೆ ಅದು ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ದೇಹ ಅದನ್ನು ಒಡೆದ ಮೇಲೆ ಉಳಿಯುವ, ಅಮಲೇ ತಾರದ ಚೂರು ಸಿಕ್ಕರೂ ಇಲ್ಲಿ ಅಪರಾಧವೇ. ಅನ್ಯಾಯ ಅಂತೀರಾ? ನಾನೂ ಹಾಗೇ ಅಂತೀನಿ. ಆದರೆ ಜಡ್ಜ್ ಮುಂದೆ ಅದು ನಡೆಯುವುದಿಲ್ಲ.

ಬೇರೆ ರಾಜ್ಯದ ಗೆಳೆಯರು "ನಮಗೇನೂ ಆಗಲಿಲ್ಲ" ಎಂದರೆ ನಂಬಿಕೊಂಡು ಕೂರಬೇಡಿ. ಮಿಷಿಗನ್‌ನಲ್ಲಿ 2013ರ ತೀರ್ಪಿನಂತೆ ರೋಗಿ ನಿಜಕ್ಕೂ ಅಮಲಿನಲ್ಲಿದ್ದ ಎಂದು ಸರ್ಕಾರ ತೋರಿಸಬೇಕು. ಅರಿಜೋನಾದಲ್ಲಿ 2015ರಿಂದ, ರಕ್ತದಲ್ಲಿದ್ದಷ್ಟು ಗಾಂಜಾ ಅಮಲೇರಿಸುವಷ್ಟಿರಲಿಲ್ಲ ಎಂದು ವಾದಿಸುವ ಅವಕಾಶವಿದೆ, ಅದನ್ನು ತೋರಿಸುವ ಹೊಣೆ ಮಾತ್ರ ರೋಗಿಯದು. ನಿಮಗೆ ಇವೆರಡೂ ಇಲ್ಲ.

ಮೊದಲ ಸಲ ತಪ್ಪಿತಸ್ಥ ಅಂತಾದರೂ ಕನಿಷ್ಠ 72 ಗಂಟೆ ಜೈಲು, 1,000ದಿಂದ 5,000 ಡಾಲರ್ ದಂಡ, 12 ತಿಂಗಳು ಲೈಸೆನ್ಸ್ ಇಲ್ಲ. ಮೊದಲ ಸಲದವರಿಗೆ ಎಆರ್‌ಡಿ ಎಂಬ ಕಾರ್ಯಕ್ರಮದಲ್ಲಿ ಜೈಲು ತಪ್ಪಿಸಿಕೊಳ್ಳುವ ದಾರಿ ಸಿಗಬಹುದು. ಅದನ್ನು ಕೊಡಬೇಕೋ ಬೇಡವೋ ಎಂಬುದು ಸರ್ಕಾರಿ ವಕೀಲರ ಕೈಯಲ್ಲಿದೆ.

ಕಾರು ನಿಲ್ಲಿಸಿದರೆ ಲೈಸೆನ್ಸ್, ನೋಂದಣಿ, ವಿಮೆ ಕೊಡಿ. "ಏನಾದರೂ ತಗೊಂಡಿದ್ದೀರಾ?" ಎಂದು ಕೇಳಿದರೆ ಸುಳ್ಳು ಹೇಳಬೇಡಿ. ವಕೀಲರಿಲ್ಲದೆ ಉತ್ತರಿಸುವುದಿಲ್ಲ ಎಂದು ಮರ್ಯಾದೆಯಿಂದ ಹೇಳಿ ಸುಮ್ಮನಿರಿ. ರಕ್ತ ತೆಗೆಯಲು ನಿಮ್ಮ ಒಪ್ಪಿಗೆ ಅಥವಾ ವಾರಂಟ್ ಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಒಪ್ಪದಿದ್ದರೆ ಲೈಸೆನ್ಸ್ ಹೋಗುತ್ತದೆ, ಅದೂ 12 ತಿಂಗಳು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಪೌರತ್ವದ್ದು. ರಾಜ್ಯ ಒಪ್ಪಿದರೂ ಫೆಡರಲ್, ಅಂದರೆ ಕೇಂದ್ರದ ಕಾನೂನು ಮೀರಿದ ಗಾಂಜಾ ಬಳಕೆಯನ್ನು ಪೌರತ್ವಕ್ಕೆ ಬೇಕಾದ "ಒಳ್ಳೆಯ ನಡತೆ"ಗೆ ಅಡ್ಡಿಯಾಗಿ ನೋಡಬಹುದೆಂದು ವಲಸೆ ಇಲಾಖೆ 2019ರಲ್ಲೇ ಬರೆದಿಟ್ಟಿದೆ. ಅರ್ಜಿಯಲ್ಲಿ ಹಿಂದಿನ ಬಂಧನಗಳನ್ನೆಲ್ಲ ಕೇಳುತ್ತಾರೆ, ದಾಖಲೆಯಿಂದ ಅಳಿಸಿದ್ದನ್ನೂ. ಅಂದರೆ ಯಾರೂ ನಿಲ್ಲಿಸದಿದ್ದರೂ ನಿಮ್ಮ ಜೇಬಿನ ಕಾರ್ಡೇ ಪ್ರಶ್ನೆಯಾಗಬಹುದು. ಹಾಗಾಗಿ ಮೊದಲು ವಲಸೆ ವಕೀಲರನ್ನು ನೋಡಿ, ಅರ್ಜಿ ಆಮೇಲೆ. ಟಿಎಚ್‌ಸಿ ಇಲ್ಲದ ಬೇರೆ ಮದ್ದು ಆಗುತ್ತದೆಯೇ ಎಂದು ಡಾಕ್ಟರನ್ನೂ ಕೇಳಿ. ಈ ಹನಿಯನ್ನೇ ಮುಂದುವರಿಸುವುದಾದರೆ ಸ್ಟೀರಿಂಗ್ ಬೇರೆಯವರ ಕೈಯಲ್ಲಿರಲಿ. ದಿನಾ ಕೆಲಸಕ್ಕೆ ಹೋಗುವವರಿಗೆ ಇದು ಕಷ್ಟದ ಮಾತು, ಗೊತ್ತು.

ಪ್ರಶ್ನೆ: ನನಗೂ ಅದೇ ರಾಜ್ಯದ ಕಾರ್ಡ್ ಇದೆ. ಅಕ್ಕನ ಮನೆ ಓಹಾಯೋದಲ್ಲಿ. ಔಷಧಿಯನ್ನು ಕಾರಿನಲ್ಲಿ ಒಯ್ಯಬಹುದಾ?

ಉತ್ತರ: ಬೇಡಮ್ಮ. ಎರಡೂ ರಾಜ್ಯ ಒಪ್ಪಿದ್ದರೂ ಗಡಿ ದಾಟಿಸುವುದು ಫೆಡರಲ್ ಅಪರಾಧ.