ಮಾವಿನ ಕೈ, ಸಕ್ಕರೆ ಲೆಕ್ಕ

ಪ್ರಶ್ನೆ: ಮೊನ್ನೆ ಬೆಳಿಗ್ಗೆ ಅಪ್ಪ ಕರಿ ಈಶಾಡು ಮಾವು ಹೆಚ್ಚುತ್ತಿದ್ದರು. ನಡುವೆ ಎದ್ದು ಗ್ಲೂಕೋಮೀಟರಿನಲ್ಲಿ ರಕ್ತದ ಸಕ್ಕರೆ ನೋಡಿಕೊಂಡರೆ 310! ಒಂದು ಹೋಳೂ ತಿಂದಿರಲಿಲ್ಲ. ಗಾಬರಿಯಿಂದ ಲ್ಯಾಬಿಗೆ ಹೋದರೆ 142. ಯಂತ್ರ ಕೆಟ್ಟಿದೆಯೇ? ತೋಳಿಗೆ ಅಂಟಿಸುವ ಸೆನ್ಸರ್ ಕೊಳ್ಳಬೇಕೇ?
– ಓದುಗರು, ಅಂಕೋಲಾ

ಉತ್ತರ: ಯಂತ್ರಕ್ಕಿಂತ ಜಾಸ್ತಿ ನನಗೆ ಆ ಮಾವಿನ ಮೇಲೇ ಅನುಮಾನ. ನಾನೂ ಕುಮಟಾದವಳು, ಆ ಹಣ್ಣಿನ ರಸ ಮೊಣಕೈವರೆಗೆ ಇಳಿಯುವುದು ಗೊತ್ತು.

ರಕ್ತದ ಹನಿ ತಾಗಿಸುವ ಸ್ಟ್ರಿಪ್‌ನ ತುದಿಯಲ್ಲಿ ಒಂದು ಕಿಣ್ವ (ಎನ್‌ಜೈಮ್) ಇರುತ್ತದೆ. ಅದು ಗ್ಲೂಕೋಸ್ ಜೊತೆ ವರ್ತಿಸಿದಾಗ ಎಲೆಕ್ಟ್ರಾನ್‌ಗಳು ಹೊರಬರುತ್ತವೆ. ಆ ಸಣ್ಣ ಕರೆಂಟನ್ನೇ ಯಂತ್ರ ಅಂಕಿಯಾಗಿ ತೋರಿಸುತ್ತದೆ. ಕಿಣ್ವದಿಂದ ಸಕ್ಕರೆ ಅಳೆಯುವ ಈ ದಾರಿಯನ್ನು ಅಮೆರಿಕದ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲೇ ತೋರಿಸಿದ್ದರು. ಆದರೆ ಗ್ಲೂಕೋಸ್ ರಕ್ತದ್ದೋ ಹಣ್ಣಿನದೋ, ಕಿಣ್ವಕ್ಕೆ ಗೊತ್ತಾಗುವುದಿಲ್ಲ ಅಲ್ವಾ? ಇಂದಿನ ಎಷ್ಟೋ ಸ್ಟ್ರಿಪ್‌ಗಳಿಗೆ ಒಂದು ಮೈಕ್ರೋಲೀಟರಿಗಿಂತ ಕಡಿಮೆ ರಕ್ತ ಸಾಕು. ಅಷ್ಟು ಪುಟ್ಟ ಹನಿಗೆ ಬೆರಳ ಮೇಲಿನ ಒಣಗಿದ ರಸ ಸೇರಿದರೂ ಅಂಕಿ ಏರುತ್ತದೆ.

ಸ್ಪಿರಿಟ್ ಹತ್ತಿಯಿಂದ ಸುಮ್ನೆ ಒರೆಸಿದರೆ ಸಾಲದು. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿಕೊಂಡು ಚುಚ್ಚಲಿ. ಮತ್ತೊಂದು ಮಾತು, ನಮ್ಮ ಕರಾವಳಿಯ ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ. ತೇವ ತಾಗಿದರೆ ಕಿಣ್ವ ಕೆಡುತ್ತದೆ.

ತೋಳಿನ ಸೆನ್ಸರ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಅಲ್ಲಿ ಸಕ್ಕರೆಯ ಏರಿಳಿತ ಕೆಲವು ನಿಮಿಷ ತಡವಾಗಿ ಕಾಣುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ನಿಜಕ್ಕೂ ವರ. ಅಪ್ಪನಿಗೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಇನ್ನು ಮುಂದೆ 310 ಬಂದರೆ ಮೊದಲು ಕೈ ತೊಳೆದು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ತಡಮಾಡದೆ ಡಾಕ್ಟರಿಗೆ ಫೋನ್ ಮಾಡಿ.