ಸೂಪರ್ ಹೀರೊಗಳ ಗುಟ್ಟಿನ ಬದುಕಿನ ಬಗ್ಗೆ ಕನ್ನಡದಲ್ಲಿ ವಿಡಿಯೊ ಮಾಡಿದರೆ ನೋಡುವವರಿದ್ದಾರೆಯೇ?

ನೀವು ಕೇಳಿರುವುದು ಮೂರು ವಿಷಯ. ಸೂಪರ್ ಹೀರೊಗಳು ತಮ್ಮ ಗುರುತನ್ನು ಬಚ್ಚಿಡುವುದರ ಬಗ್ಗೆ ಕನ್ನಡದಲ್ಲಿ ಸರಣಿ ಮಾಡಿದರೆ ಯಾರಾದರೂ ನೋಡುತ್ತಾರೆಯೇ, ಇಂಗ್ಲಿಷ್‌ನಲ್ಲಿ ಬೇಕಾದಷ್ಟು ವಿಡಿಯೊಗಳಿರುವಾಗ ಹೊಸದಾಗಿ ಹೇಳಲು ಏನು ಉಳಿದಿದೆ, ಸಿನಿಮಾದ ತುಣುಕು ಬಳಸಿದರೆ ಚಾನೆಲ್‌ಗೆ ಕುತ್ತು ಬರುತ್ತದೆಯೇ. ಚಿಕ್ಕಮಗಳೂರಿನಲ್ಲಿ ಕೂತು ಇಂಥದ್ದೇ ಒಂದು ಸಣ್ಣ ಚಾನೆಲ್ ನಡೆಸುತ್ತಿರುವವನಾಗಿ ಮೊದಲನೆಯದಕ್ಕೆ ಧೈರ್ಯವಾಗಿ ಹೌದು ಎನ್ನುತ್ತೇನೆ. ಎರಡನೆಯದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನನಗೆ ಪ್ರೀತಿಯ ವಿಷಯ ಅದೇ.

ಮುಖವಾಡ ಯಾವ ಬಣ್ಣದ್ದು, ಶಕ್ತಿ ಎಲ್ಲಿಂದ ಬಂತು ಎಂಬುದನ್ನು ಎಲ್ಲರೂ ಹೇಳಿ ಮುಗಿಸಿದ್ದಾರೆ. ನೀವು ಬೇರೆ ಎರಡು ಪ್ರಶ್ನೆ ಹಿಡಿದುಕೊಳ್ಳಿ. ಹಗಲು ಹೊತ್ತಿನಲ್ಲಿ ಇವನ ಹೊಟ್ಟೆಪಾಡು ಏನು? ಇವನು ಕಾಪಾಡುವ ಗುಟ್ಟಿಗೆ ಬೆಲೆ ತೆರುವವರು ಯಾರು?

ಹೊಟ್ಟೆಪಾಡಿನಿಂದಲೇ ಶುರು ಮಾಡೋಣ. ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಸೂಪರ್‌ಮ್ಯಾನ್‌ನನ್ನು ಓದುಗರ ಮುಂದೆ ತಂದಾಗ ಅವನಿಗೆ ಕೊಟ್ಟದ್ದು ಪತ್ರಿಕೆಯ ವರದಿಗಾರನ ಕೆಲಸ. ಅನಾಹುತದ ಸುದ್ದಿ ಮೊದಲು ಬಂದು ಮುಟ್ಟುವ ಜಾಗ ಅದು. 1962ರಲ್ಲಿ ಸ್ಟಾನ್ ಲೀ, ಸ್ಟೀವ್ ಡಿಟ್ಕೊ ತಂದ ಪೀಟರ್ ಪಾರ್ಕರ್‌ನ ಪಾಡು ಇನ್ನೂ ಕಷ್ಟದ್ದು. ಸ್ಪೈಡರ್‌ಮ್ಯಾನ್ ಆಗಿ ಹೊಡೆದಾಡುವಾಗ ತನ್ನ ಫೋಟೊವನ್ನು ತಾನೇ ತೆಗೆದುಕೊಂಡು, ಸ್ಪೈಡರ್‌ಮ್ಯಾನ್ ಊರಿಗೆ ಕಂಟಕ ಎಂದು ಜರೆಯುವ ಪತ್ರಿಕೆಗೇ ಅದನ್ನು ಮಾರಿ ಮನೆ ಖರ್ಚು ತೂಗಿಸುತ್ತಾನೆ. ತನ್ನ ಅಪಕೀರ್ತಿಯಿಂದಲೇ ಅನ್ನ ತಿನ್ನುವ ನಾಯಕನನ್ನು ಕಲ್ಪಿಸಿಕೊಂಡವರ ಬಗ್ಗೆ ನನಗೆ ತುಂಬ ಗೌರವವಿದೆ. 1997ರಲ್ಲಿ ದೂರದರ್ಶನಕ್ಕೆ ಬಂದ ಶಕ್ತಿಮಾನ್‌ನ ಗಂಗಾಧರನೂ ಪತ್ರಿಕೆಯ ಫೋಟೊಗ್ರಾಫರ್. 2021ರ ಮಲಯಾಳಂ ಚಿತ್ರ ‘ಮಿನ್ನಲ್ ಮುರಳಿ’ಯ ಜೈಸನ್ ದರ್ಜಿ. ಅವನಿಗೆ ಬಡಿದ ಸಿಡಿಲೇ ಅದೇ ಊರಿನ ಚಹಾ ಅಂಗಡಿಯ ಶಿಬುವಿಗೂ ಬಡಿಯುತ್ತದೆ. ಊರು ಹುಚ್ಚನೆಂದು ದೂರವಿಟ್ಟವನು ಅವನು. ಇಬ್ಬರ ಕೈಗೂ ಒಂದೇ ಶಕ್ತಿ ಬಂದರೂ ಊರು ಅವರನ್ನು ಮೊದಲಿನಿಂದ ಹೇಗೆ ನಡೆಸಿಕೊಂಡಿತ್ತು ಎಂಬುದೇ ಕತೆಯನ್ನು ತಿರುಗಿಸುತ್ತದೆ. ಇದೊಂದರ ಮೇಲೆಯೇ ಒಂದು ಪೂರ್ತಿ ಕಂತು ಮಾಡಬಹುದು.

ಇನ್ನು ಬೆಲೆಯ ಮಾತು. ಸ್ಪೈಡರ್‌ಮ್ಯಾನ್‌ನ ಗುಟ್ಟು 2019ರ ಚಿತ್ರದ ಕೊನೆಯಲ್ಲಿ ಬಯಲಾಗುತ್ತದೆ. ಮುಂದಿನ ಚಿತ್ರದಲ್ಲಿ ಪೀಟರ್‌ನ ಗೆಳೆಯ ಗೆಳತಿಯರಿಗೂ ಕಾಲೇಜಿನ ಬಾಗಿಲು ಮುಚ್ಚುತ್ತದೆ. ಅವರು ಮಾಡಿದ ತಪ್ಪು ಅವನ ಜೊತೆಗಿದ್ದದ್ದು ಮಾತ್ರ. ಗುಟ್ಟು ಉಳಿದರೂ ಕಷ್ಟವೇ. 1978ರ ‘ಸೂಪರ್‌ಮ್ಯಾನ್’ನಲ್ಲಿ ಒಂದು ಸಣ್ಣ ದೃಶ್ಯವಿದೆ, ಧ್ವನಿ ನಿಲ್ಲಿಸಿ ಒಮ್ಮೆ, ಧ್ವನಿ ಕೊಟ್ಟು ಒಮ್ಮೆ ನೋಡಿ. ಜೊತೆಗೆ ಕೆಲಸ ಮಾಡುವ ವರದಿಗಾರ್ತಿ ಲೋಯಿಸ್ ಒಳಕೋಣೆಯಲ್ಲಿದ್ದಾಳೆ. ಹೊರಗೆ ನಿಂತ ಕ್ಲಾರ್ಕ್, ಅಂದರೆ ವರದಿಗಾರನ ವೇಷದ ಸೂಪರ್‌ಮ್ಯಾನ್, ಕನ್ನಡಕ ತೆಗೆಯುತ್ತಾನೆ. ಬಗ್ಗಿದ್ದ ಬೆನ್ನು ನೆಟ್ಟಗಾಗುತ್ತದೆ, ಹೆಗಲು ಅಗಲವಾಗುತ್ತದೆ, ದನಿ ತಗ್ಗಿ ಗಟ್ಟಿಯಾಗುತ್ತದೆ. ನಿಜ ಹೇಳಿಬಿಡಲು ಬಾಯಿ ತೆರೆಯುತ್ತಾನೆ. ಮರುಕ್ಷಣ ಮನಸ್ಸು ಹಿಂಜರಿಯುತ್ತದೆ, ಕನ್ನಡಕ ಮತ್ತೆ ಮೂಗಿನ ಮೇಲೇರುತ್ತದೆ, ಬೆನ್ನು ಮತ್ತೆ ಕುಗ್ಗುತ್ತದೆ. ಕನ್ನಡಕ ಹಾಕಿಕೊಂಡರೆ ಗುರುತು ಸಿಗುವುದಿಲ್ಲವೇ ಎಂದು ನಗುವವರಿಗೆ ಆ ಪಾತ್ರ ಮಾಡಿದ ಕ್ರಿಸ್ಟೊಫರ್ ರೀವ್ ತಮ್ಮ ಮೈಯಿಂದಲೇ ಉತ್ತರ ಕೊಟ್ಟಿದ್ದಾರೆ.

ಇಂಗ್ಲಿಷ್ ಚಾನೆಲ್‌ಗಳ ಕೈಗೆ ಸುಲಭವಾಗಿ ಸಿಗದ, ನಮ್ಮ ಕೈಯಲ್ಲಿರುವ ವಸ್ತು ವಿರಾಟಪರ್ವ. ಅಜ್ಞಾತವಾಸದಲ್ಲಿ ಭೀಮ ಅಡುಗೆಯ ವಲಲ, ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆ, ನಕುಲ ಕುದುರೆಗಳ ಬಳಿ, ಸಹದೇವ ದನಗಳ ಬಳಿ. ಧರ್ಮರಾಯನನ್ನು ಗಮನಿಸಿ: ರಾಜ್ಯವನ್ನೇ ನುಂಗಿದ ಪಗಡೆಯನ್ನೇ ಅವನು ಕಂಕನಾಗಿ ಹೊಟ್ಟೆಪಾಡಿಗೆ ಆರಿಸಿಕೊಳ್ಳುತ್ತಾನೆ. ಕೀಚಕ ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದ್ದಾಗ ಭೀಮನ ಕಣ್ಣು ಹೊರಗಿನ ಮರದ ಮೇಲೆ ಬೀಳುತ್ತದೆ. ಅಡುಗೆಗೆ ಸೌದೆ ಬೇಕಿದ್ದರೆ ಹೊರಗೆ ಹೋಗಿ ಕಡಿ ಎಂದು ಧರ್ಮರಾಯ ಬಾಣಸಿಗನಿಗೆ ಹೇಳುವಂತೆ ಹೇಳಿ ತಡೆಯುತ್ತಾನೆ. ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಗುಟ್ಟು ಐವರದ್ದೂ ಹೌದು, ಆದರೆ ಆ ಹೊತ್ತಿನಲ್ಲಿ ಬೆಲೆ ತೆತ್ತವಳು ದ್ರೌಪದಿ. ಮುಂದೆ ನಾಟ್ಯಶಾಲೆಯ ಕತ್ತಲಲ್ಲಿ ಭೀಮ ಕೀಚಕನನ್ನು ಮುಗಿಸುತ್ತಾನೆ, ಊರಿಗೆ ಸಿಗುವ ಸುದ್ದಿ ಮಾತ್ರ ಸೈರಂಧ್ರಿಯ (ವೇಷದಲ್ಲಿದ್ದ ದ್ರೌಪದಿಯ) ಗಂಧರ್ವ ಪತಿಗಳು ಕೊಂದರು ಎಂಬುದು. ರಾತ್ರಿ ಬಂದು ದುಷ್ಟನನ್ನು ಶಿಕ್ಷಿಸಿ ಮಾಯವಾಗುವ, ಯಾರೂ ಕಾಣದ ಶಕ್ತಿ! 1939ರ ಬ್ಯಾಟ್‌ಮ್ಯಾನ್‌ಗಿಂತ ಎಷ್ಟು ಹಿಂದಿನ ಕಲ್ಪನೆ ನೋಡಿ.

ನಾನು ಇದನ್ನು ವಿಡಿಯೊದಲ್ಲಿ ಹೇಳಿದಾಗ ಬಂದ ಪ್ರತಿಕ್ರಿಯೆಗಳೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ. ಮಲೆನಾಡಿನಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಪಾತ್ರದ ಒಳಗನ್ನು ಗಂಟೆಗಟ್ಟಲೆ ಚರ್ಚಿಸುವುದು ಹೊಸತಲ್ಲ. ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರ್ ಉದ್ದವಾಗಿ ಬರೆದಿದ್ದರು. ರಾತ್ರಿ ಯಕ್ಷಗಾನದ ಆಟದಲ್ಲಿ ವೇಷ ಕಟ್ಟಿ, ಬೆಳಿಗ್ಗೆ ಕಿವಿಯ ಹಿಂದೆ ಉಳಿದ ಬಣ್ಣದೊಂದಿಗೇ ಆಳುಗಳ ಹಾಜರಿ ತೆಗೆದುಕೊಳ್ಳುವವರು ಅವರು. ರಾತ್ರಿ ಕೈ ಮುಗಿದವರೇ ಬೆಳಿಗ್ಗೆ ಕೂಲಿ ಲೆಕ್ಕಕ್ಕೆ ಜಗಳ ತೆಗೆಯುತ್ತಾರಂತೆ. ಪೀಟರ್ ಪಾರ್ಕರ್‌ನನ್ನು ಅವರಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ನನಗೆ ಬೇರೆ ಸಿಕ್ಕಿಲ್ಲ.

ತುಣುಕುಗಳ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆಗಾಗಿ ನ್ಯಾಯಯುತವಾಗಿ ಬಳಸಲು ಅವಕಾಶ ಕೊಡುತ್ತದೆ. ಆದರೆ ಯೂಟ್ಯೂಬ್‌ನ ಕಂಟೆಂಟ್ ಐಡಿ ಯಂತ್ರ ಕಾಯ್ದೆ ಓದಿ ತೀರ್ಮಾನಿಸುವುದಿಲ್ಲ, ಚಿತ್ರ ಮತ್ತು ಸದ್ದು ಹೊಂದುತ್ತವೆಯೇ ಎಂದಷ್ಟೇ ನೋಡುತ್ತದೆ. ಅದರ ಕ್ಲೇಮ್ ಬಂದರೆ ಹೆಚ್ಚಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ. ಕೆಲವೊಮ್ಮೆ ವಿಡಿಯೊ ಕಾಣದಂತೆಯೂ ಆಗಬಹುದು. ಸ್ಟ್ರೈಕ್, ಅಂದರೆ ಹಕ್ಕುದಾರರೇ ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಬೀಳುವ ಎಚ್ಚರಿಕೆ, ಬೇರೆ: 90 ದಿನಗಳೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಆದ್ದರಿಂದ ಹಾಡನ್ನು ಮುಟ್ಟಬೇಡಿ, ತುಣುಕು ಚಿಕ್ಕದಿರಲಿ, ಅದರ ಮೇಲೆ ನಿಮ್ಮ ಮಾತು ಸದಾ ಇರಲಿ. ಜಾಹೀರಾತಿನ ಆದಾಯಕ್ಕೆ 1000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆ ಬೇಕು. ಅಲ್ಲಿಯವರೆಗೆ ಹಣದ ಯೋಚನೆ ಬಿಡಿ.

ನಿಮ್ಮದೂ ಮಲೆನಾಡಿನ ಮನೆಯಾದರೆ ಧ್ವನಿಯ ಬಗ್ಗೆ ಒಂದು ಮಾತು. ಜೂನ್‌ನಿಂದ ಶೀಟಿನ ಮಾಡಿನ ಮೇಲೆ ಮಳೆ ಬೀಳತೊಡಗಿದರೆ ಯಾವ ಮೈಕೂ ನಿಮ್ಮನ್ನು ಉಳಿಸದು. ನಾನು ಮಳೆಗಾಲಕ್ಕೆ ಬೇಕಾದ ಮಾತನ್ನೆಲ್ಲ ಮೇ ತಿಂಗಳೊಳಗೆ, ಬಟ್ಟೆ ಬೀರು ಇರುವ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಇಳಿಬಿಟ್ಟು ರೆಕಾರ್ಡ್ ಮಾಡಿಡುತ್ತೇನೆ. ಕರೆಂಟ್ ಇಲ್ಲದ ಮಳೆಗಾಲದ ಸಂಜೆಗಳು ಬರೆಯುವುದಕ್ಕೆ.

ಮೊದಲ ಕಂತಿಗೆ ಜೈಸನ್ ಮತ್ತು ಶಿಬುವನ್ನೇ ತೆಗೆದುಕೊಳ್ಳಿ, ಎರಡನೆಯದಕ್ಕೆ ವಲಲನನ್ನು. ಬರೆದದ್ದನ್ನು ಇಲ್ಲಿ ಹಾಕಿದರೆ ಓದಿ ನನಗೆ ತೋಚಿದ್ದನ್ನು ಖಂಡಿತ ತಿಳಿಸುತ್ತೇನೆ.