ನಾಲ್ಕನೇ ಔಟ್‌ಫೀಲ್ಡರ್‌ಗೆ ಬೆಲೆ ಎಷ್ಟು? ಬಾಸ್ಟನ್ ಓದುಗರಿಗೆ ಉತ್ತರ

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಮ್ಮ ಓದುಗರಲ್ಲಿ ಬೇಸ್‌ಬಾಲ್ ನೋಡುವವರು ಕಡಿಮೆ, ಹಾಗಾಗಿ ನೀವು ಬರೆದದ್ದನ್ನು ಮೊದಲು ಅವರಿಗೆ ಹೇಳಿಬಿಡುತ್ತೇನೆ. ನೀವು 2009ರಲ್ಲಿ ಹಾಸನದಿಂದ ಬಾಸ್ಟನ್‌ಗೆ ಹೋದವರು. ಆ ವರ್ಷ ಅಲ್ಲಿನ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ ರಾಕೊ ಬಾಲ್ಡೆಲ್ಲಿಯನ್ನು ನಾಲ್ಕನೇ ಔಟ್‌ಫೀಲ್ಡರ್ ಅಂತ ತೆಗೆದುಕೊಂಡಿತ್ತು. ಮೈದಾನದ ದೂರದ ಭಾಗವನ್ನು ಕಾಯುವ ಔಟ್‌ಫೀಲ್ಡರ್‌ಗಳು ಮೂರು ಜನ, ನಾಲ್ಕನೆಯವನು ಬದಲಿ ಆಟಗಾರ. 162 ಆಟಗಳ ಸೀಸನ್‌ನಲ್ಲಿ ಅವನು ಆಡಿದ್ದು ಬರೀ 62. ಅವನನ್ನು ತೆಗೆದುಕೊಂಡಿದ್ದು ಸರಿಯೋ ತಪ್ಪೋ ಅಂತ ನಿಮ್ಮ ಆಫೀಸಿನ ಗೆಳೆಯರು ಊಟದ ಹೊತ್ತಿನಲ್ಲಿ ಇವತ್ತಿಗೂ ವಾದ ಮಾಡುತ್ತಾರೆ. ನಿಮ್ಮ ಪ್ರಕಾರ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಆ ಜಾಗವನ್ನು ಕೆಳಗಿನ ಲೀಗ್‌ನ ಯಾವನಾದರೂ ಹುಡುಗನಿಗೆ ಕೊಡಬೇಕಿತ್ತು.

ನಾನು ಒಪ್ಪುವುದಿಲ್ಲ. ಒಂದು ಮಾತಿಗೆ ಮಾತ್ರ ಒಪ್ಪುತ್ತೇನೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಮನುಷ್ಯನ ಬಗ್ಗೆ. 'ಯಾವಾಗಲೂ ಗಾಯ ಮಾಡಿಕೊಳ್ಳುವವನು' ಅಂತ ನೀವು ಬರೆದಿದ್ದೀರಿ, ಅದು ನನಗೆ ಚುಚ್ಚಿತು. ಬಾಲ್ಡೆಲ್ಲಿ 2003ರಲ್ಲಿ ಟ್ಯಾಂಪಾ ಬೇ ತಂಡಕ್ಕೆ ಬಂದಾಗ ಅವನಿಗೆ 21 ವರ್ಷ. ಮೊದಲ ಸೀಸನ್‌ನಲ್ಲೇ 184 ಹಿಟ್ (ಹೊಡೆದು ಬೇಸ್ ಮುಟ್ಟಿದ ಏಟು), .289 ಸರಾಸರಿ, ಅಂದರೆ ನೂರು ಪ್ರಯತ್ನಕ್ಕೆ ಸುಮಾರು 29 ಹಿಟ್, ಮೇಲೆ 27 ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿ ಸೇರಿದ. ಔಟ್‌ಫೀಲ್ಡ್‌ನ ನಡುಭಾಗವಾದ ಸೆಂಟರ್ ಫೀಲ್ಡ್‌ನಲ್ಲಿ ಅವನ ಉದ್ದನೆಯ ಕಾಲುಗಳ ಓಟ ನೋಡಿದವರು ಮರೆಯುವುದಿಲ್ಲ. ಆಮೇಲೆ ಮನೆಯ ಹಿತ್ತಲಲ್ಲಿ ತಮ್ಮನ ಜೊತೆ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿಯಿತು. ಅದು ವಾಸಿಯಾಗುವಷ್ಟರಲ್ಲಿ ಮೊಣಕೈ ಆಪರೇಷನ್. 2005 ಪೂರ್ತಿ ಹೋಯಿತು. 2006ರಲ್ಲಿ ವಾಪಸ್ ಬಂದು 92 ಆಟಗಳಲ್ಲಿ .302 ಸರಾಸರಿ, 16 ಹೋಮ್ ರನ್ (ಸಾಮಾನ್ಯವಾಗಿ ಚೆಂಡು ಬೇಲಿಯಾಚೆ ಹೋಗುವ ಏಟು, ನಮ್ಮ ಸಿಕ್ಸರ್ ಥರ). 2007ರಲ್ಲಿ ತೊಡೆಯ ಹಿಂಭಾಗದ ಸ್ನಾಯು ಕೈಕೊಟ್ಟಿತು, ಆಡಿದ್ದು 35 ಆಟ. 2008ರ ಮಾರ್ಚ್ ಹೊತ್ತಿಗೆ ಸ್ವಲ್ಪ ಓಡಿದರೂ ಮೈಯೆಲ್ಲ ಸೋತು ಹೋಗುವ ಸ್ಥಿತಿ. ಜೀವಕೋಶಗಳು ಶಕ್ತಿ ತಯಾರಿಸುವುದರಲ್ಲೇ ತೊಂದರೆ ಇದೆ ಅಂತ ಡಾಕ್ಟರುಗಳು ಮೊದಲು ಹೇಳಿದರು. ಆ ವರ್ಷದ ಕೊನೆಯಲ್ಲಿ ಅದು ಚಾನೆಲೋಪತಿ ಅಂತ ಗೊತ್ತಾಯಿತು, ಅಂದರೆ ಜೀವಕೋಶದ ಒಳಗೂ ಹೊರಗೂ ಲವಣಗಳು ಓಡಾಡುವ ದಾರಿಯಲ್ಲೇ ದೋಷ. ಇದು ಮೈಗಳ್ಳತನ ಅಲ್ಲ, ಅಜಾಗರೂಕತೆಯೂ ಅಲ್ಲ. ಈ ವಾದದಲ್ಲಿ ಯಾವ ಕಡೆ ನಿಂತರೂ ಇದನ್ನು ಮರೆಯಬಾರದು ಅಂತ ನನ್ನ ಕೋರಿಕೆ.

ಈಗ ಲೆಕ್ಕಕ್ಕೆ ಬರೋಣ. ಆಗ ತಂಡದಲ್ಲಿ 25 ಜನಕ್ಕೆ ಜಾಗ, ಈಗ 26. ಚೆಂಡು ಎಸೆಯುವ ಪಿಚರ್‌ಗಳು ಹೆಚ್ಚುಕಮ್ಮಿ 12 ಜನ. ಮೈದಾನಕ್ಕೆ ಇಳಿಯುವ ಉಳಿದ ಎಂಟು ಜನರ ಜೊತೆ ಪಿಚರ್ ಬದಲು ಬ್ಯಾಟ್ ಮಾಡುವ ಒಬ್ಬನನ್ನು ಸೇರಿಸಿ ಇನ್ನು 9. ಬೆಂಚ್ ಮೇಲೆ ಉಳಿಯುವವರು ನಾಲ್ಕೇ ಜನ, ಅದರಲ್ಲಿ ಒಬ್ಬ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಇರಲೇಬೇಕು. ಬೇಸ್‌ಬಾಲ್‌ನಲ್ಲಿ ಒಮ್ಮೆ ಆಚೆ ಬಂದವನು ಆ ದಿನ ಮತ್ತೆ ಒಳಗೆ ಹೋಗುವ ಹಾಗಿಲ್ಲ. ಕ್ರಿಕೆಟ್‌ನಲ್ಲಿ ಎರಡು ಓವರ್ ವಿಶ್ರಾಂತಿ ತಗೊಂಡು ವಾಪಸ್ ಬರುತ್ತಾರಲ್ವಾ, ಅದು ಇಲ್ಲಿಲ್ಲ. ಹಾಗಾಗಿ ಬೆಂಚ್‌ನ ಆ ಒಂದು ಜಾಗ ತುಂಬಾ ದುಬಾರಿ. ನಿಮ್ಮ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ.

ಆದರೆ ಹಣ ನೋಡಿ. ಬಾಲ್ಡೆಲ್ಲಿಗೆ ರೆಡ್ ಸಾಕ್ಸ್ ಗ್ಯಾರಂಟಿ ಕೊಟ್ಟಿದ್ದು 5 ಲಕ್ಷ ಡಾಲರ್, ಉಳಿದದ್ದೆಲ್ಲ ಆಡಿದಷ್ಟಕ್ಕೆ ಬೋನಸ್. ಆ ವರ್ಷ ಲೀಗ್‌ನ ಕನಿಷ್ಠ ಸಂಬಳವೇ 4 ಲಕ್ಷ. ಅಂದರೆ ಯಾವ ಹುಡುಗನನ್ನು ಕರೆತಂದಿದ್ದರೂ ಗ್ಯಾರಂಟಿ ಹಣದಲ್ಲಿ ಹೆಚ್ಚೆಂದರೆ 1 ಲಕ್ಷ ಉಳಿಯುತ್ತಿತ್ತು. ಅದೇ ತಂಡದ ರೈಟ್ ಫೀಲ್ಡ್‌ನ (ಔಟ್‌ಫೀಲ್ಡ್‌ನ ಬಲಬದಿ) ಜೆ.ಡಿ. ಡ್ರೂ ಒಪ್ಪಂದ 5 ವರ್ಷಕ್ಕೆ 7 ಕೋಟಿ ಡಾಲರ್! ಬಾಲ್ಡೆಲ್ಲಿಯಿಂದ ದುಡ್ಡು ದಂಡವಾಯಿತು ಅನ್ನುವ ವಾದ ನಿಲ್ಲುವುದಿಲ್ಲ.

ಅವನಿಂದ ಸಿಕ್ಕಿದ್ದೇನು ಅಂತ ಕೇಳಿದ್ದೀರಿ. ಇದಕ್ಕೆ ಒಂದು ವರ್ಷ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಇಂಥ ಆಟಗಾರನನ್ನು ಹೇಗೆ ಬಳಸಬೇಕು ಅಂತ ಟ್ಯಾಂಪಾ ಬೇ 2008ರಲ್ಲೇ ತೋರಿಸಿತ್ತು. ಅವನು ಆ ಸೀಸನ್‌ನಲ್ಲಿ ಆಡಿದ್ದು 28 ಆಟ ಅಷ್ಟೇ, ಆಗಸ್ಟ್‌ನಲ್ಲಿ ಶುರು. ದಿನಾ ಆಡಿಸಲಿಲ್ಲ. ಎದುರು ಎಡಗೈ ಪಿಚರ್ ಇದ್ದಾಗ ಎಡಗೈ ಬ್ಯಾಟರ್ ಗೇಬ್ ಗ್ರಾಸ್‌ನನ್ನು ಕೂರಿಸಿ ಬಲಗೈಯ ಬಾಲ್ಡೆಲ್ಲಿಯನ್ನು ಇಳಿಸುತ್ತಿದ್ದರು. ಅಕ್ಟೋಬರ್ 19ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸೆಮಿಫೈನಲ್‌ನಂಥ ಸರಣಿಯ ಏಳನೇ, ಕೊನೆಯ ಆಟ, ಗೆದ್ದವರು ಫೈನಲ್ ಆದ ವರ್ಲ್ಡ್ ಸೀರೀಸ್‌ಗೆ. ಎದುರಿಗೆ ನಿಮ್ಮ ರೆಡ್ ಸಾಕ್ಸ್, ಎಡಗೈ ಪಿಚರ್ ಜಾನ್ ಲೆಸ್ಟರ್. ಸ್ಕೋರ್ 1-1. ಒಂದು ಆಟಕ್ಕೆ ಒಂಬತ್ತು ಇನ್ನಿಂಗ್ಸ್; ಐದನೆಯದರಲ್ಲಿ ಬಾಲ್ಡೆಲ್ಲಿ ಒಂದು ಸಿಂಗಲ್ (ಒಂದು ಬೇಸ್‌ನ ಏಟು) ಹೊಡೆದ, ವಿಲ್ಲಿ ಐಬಾರ್ ಓಡಿ ಬಂದು ರನ್ ಮಾಡಿದ, 2-1. ಆ ಮುನ್ನಡೆ ಮತ್ತೆ ಕೈತಪ್ಪಲಿಲ್ಲ, 3-1ಕ್ಕೆ ಗೆದ್ದರು. ಹಿಂದಿನ ವರ್ಷ 96 ಆಟ ಸೋತಿದ್ದ ತಂಡ ಅದು! ಹತ್ತು ದಿನ ಕಳೆದು ವರ್ಲ್ಡ್ ಸೀರೀಸ್‌ನಲ್ಲಿ, ಫಿಲಡೆಲ್ಫಿಯಾದಲ್ಲಿ, ಮಳೆಯಿಂದ ನಿಂತು ಎರಡು ದಿನದ ಮೇಲೆ ಮತ್ತೆ ಶುರುವಾದ ಆಟದಲ್ಲಿ, ಏಳನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು 3-3 ಮಾಡಿದವನೂ ಇವನೇ. ಆ ಆಟ ಟ್ಯಾಂಪಾ ಬೇ ಸೋತಿತು, ಕಪ್ ಹೋಯಿತು, ಅದು ಬೇರೆ ಮಾತು. ವರ್ಷಕ್ಕೆ 28 ಆಟ ಆಡಿದವನು ಅಂತ ಅವನನ್ನು ಅಳೆದರೆ ಈ ಎರಡು ಏಟುಗಳನ್ನು ಯಾವ ಖಾತೆಗೆ ಬರೆಯುತ್ತೀರಿ?

2009ರಲ್ಲಿ ಬಾಸ್ಟನ್‌ಗೆ ಅಂಥ ಕ್ಷಣ ಸಿಗಲಿಲ್ಲ, ನಿಜ. .253 ಸರಾಸರಿ, 7 ಹೋಮ್ ರನ್. ಅಕ್ಟೋಬರ್ ಬಂದಾಗ ಸೊಂಟಕ್ಕೆ ಪೆಟ್ಟಾಗಿ ಪ್ಲೇಆಫ್ (ಸೀಸನ್ ಮುಗಿದ ಮೇಲಿನ ಕಪ್ ಹಂತದ ಆಟಗಳು) ಆಡಲೇ ಇಲ್ಲ. ಆದರೂ ನಾಲ್ಕನೇ ಔಟ್‌ಫೀಲ್ಡರ್‌ನಿಂದ ಇದಕ್ಕಿಂತ ಜಾಸ್ತಿ ಕೇಳುವುದು ನ್ಯಾಯವಲ್ಲ. ನೀವು ರೆಡ್ ಸಾಕ್ಸ್ ಮೈದಾನ ಫೆನ್‌ವೇಯಲ್ಲಿ ರೈಟ್ ಫೀಲ್ಡ್ ಮೂಲೆಯ ಸೀಟಿನಲ್ಲಿ ಕೂತಿದ್ದೆ ಅಂತ ಬರೆದಿದ್ದೀರಲ್ಲ, ಹಾಗಾದರೆ ಆ ಗೋಡೆ ನಿಮಗೆ ಗೊತ್ತು. ಮೈದಾನದ ಗೆರೆ ಮುಗಿಯುವಲ್ಲಿನ ಕಂಬದ ಹತ್ತಿರ ತಗ್ಗಾಗಿ, ಬಾಗಿಕೊಂಡು ಹೋಗುವ ಗೋಡೆ. ಚೆಂಡು ಅದಕ್ಕೆ ತಾಗಿದರೆ ಫೀಲ್ಡರ್ ಕಡೆ ವಾಪಸ್ ಬರುವುದಿಲ್ಲ, ಗೋಡೆಯ ಗುಂಟ ಜಾರಿ ಓಡುತ್ತದೆ. ಹೊಸಬ ನೇರ ಮೂಲೆಗೆ ನುಗ್ಗುತ್ತಾನೆ, ಚೆಂಡು ಅವನನ್ನು ದಾಟಿ ಹೋಗುತ್ತದೆ, ಡಬಲ್ (ಎರಡು ಬೇಸ್) ಆಗಬೇಕಿದ್ದದ್ದು ಟ್ರಿಪಲ್ (ಮೂರು ಬೇಸ್). ಅನುಭವ ಇದ್ದವನು ಎರಡು ಹೆಜ್ಜೆ ಹಿಂದೆಯೇ ನಿಂತು ಚೆಂಡು ತನ್ನ ಕಡೆ ತಿರುಗಲಿ ಅಂತ ಕಾಯುತ್ತಾನೆ. ಆ ಎರಡು ಹೆಜ್ಜೆ ಯಾವ ಸರಾಸರಿಯಲ್ಲೂ ಕಾಣುವುದಿಲ್ಲ.

ಇನ್ನು ಕೆಳಗಿನ ಲೀಗ್‌ನ ಹುಡುಗ. ಅದನ್ನೂ ಆ ವರ್ಷ ಮಾಡಿ ನೋಡಿದ್ದಾರೆ. ಜುಲೈ ಕೊನೆಯಲ್ಲಿ 22 ವರ್ಷದ ಜಾಶ್ ರೆಡಿಕ್ ಬಂದ. 27 ಆಟ, .169 ಸರಾಸರಿ. ಅವನಲ್ಲಿ ಪ್ರತಿಭೆ ಇರಲಿಲ್ಲವೇ? ಇತ್ತು. ಮೂರೇ ವರ್ಷದಲ್ಲಿ, ಓಕ್ಲೆಂಡ್‌ಗೆ ಹೋದ ಮೇಲೆ, 32 ಹೋಮ್ ರನ್ ಹೊಡೆದು, ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಗೆದ್ದ. ಆ ವಯಸ್ಸಿನ ಹುಡುಗನಿಗೆ ಬೇಕಾದದ್ದು ದಿನಾ ನಾಲ್ಕು ಸಲ ಬ್ಯಾಟ್ ಹಿಡಿಯುವ ಅವಕಾಶ. ಅವನನ್ನು ತಂದು ಬೆಂಚ್ ಮೇಲೆ ಕೂರಿಸಿ ವಾರಕ್ಕೆ ಎರಡು ಸಲ ಆಡು ಅಂದರೆ ತಂಡಕ್ಕೂ ಲಾಭವಿಲ್ಲ, ಅವನಿಗೂ ಇಲ್ಲ. ಬೆಂಚ್ ಕೆಲಸ ಗೊತ್ತಿದ್ದವನಿಗೇ ಬೆಂಚ್ ಕೊಡಬೇಕು.

ಈಗ ನಾನು ಒಪ್ಪುವ ಮಾತು. ನಿಮ್ಮ ಪತ್ರದ ಕೊನೆಯಲ್ಲಿ, ಸುಮ್ನೆ ಬರೆದ ಹಾಗೆ, ಒಂದು ಸಾಲಿದೆ: 'ಬೆಳಗ್ಗೆ ಎದ್ದರೆ ಅವನು ಇವತ್ತು ಆಡ್ತಾನೋ ಇಲ್ವೋ ಗೊತ್ತಿರಲಿಲ್ಲ'. ಇಡೀ ವಾದದಲ್ಲಿ ಗಟ್ಟಿಯಾದದ್ದು ಇದೊಂದೇ, ಇದನ್ನೇ ನೀವು ಮುಂದಿಡಬೇಕಿತ್ತು. ಎರಡು ತಿಂಗಳ ಗಾಯವಾದರೆ ತಂಡಕ್ಕೆ ಅಷ್ಟು ಕಷ್ಟವಿಲ್ಲ, ಅವನ ಹೆಸರನ್ನು ಗಾಯಾಳುಗಳ ಪಟ್ಟಿಗೆ ಹಾಕಿ ಇನ್ನೊಬ್ಬನನ್ನು ಕರೆಸುತ್ತಾರೆ. ಕಷ್ಟ ಕೊಡುವುದು ಮೂರು ದಿನದ ನೋವು. ಆಗ ಪಟ್ಟಿಗೆ ಹಾಕಿದರೆ ಕಡಿಮೆ ಅಂದರೂ 15 ದಿನ ಆಡಿಸುವ ಹಾಗಿರಲಿಲ್ಲ. ಹಾಕದಿದ್ದರೆ ಮೂರು ದಿನ ನಾಲ್ಕು ಜನರ ಬೆಂಚ್ ಮೂರು ಜನದ್ದಾಗುತ್ತದೆ. ಆಟದಲ್ಲಿ ತಂಡ ನಡೆಸುವ ಮ್ಯಾನೇಜರ್ ಎಂಟನೇ ಇನ್ನಿಂಗ್ಸ್‌ನಲ್ಲಿ ತಿರುಗಿ ನೋಡಿದರೆ ಕಳಿಸಲು ಯಾರೂ ಇರುವುದಿಲ್ಲ.

ಅದರ ಮೇಲೆ, ಬಾಸ್ಟನ್ ಅವನನ್ನು ಇಟ್ಟುಕೊಂಡದ್ದೇ ಡ್ರೂಗೆ ಆಸರೆಯಾಗಿ. ಡ್ರೂ ಕೂಡ 2008ರಲ್ಲಿ ಗಾಯದಿಂದ 109 ಆಟಕ್ಕೆ ನಿಂತವನು. ಸೋರುವ ಸೂರಿನ ಕೆಳಗೆ ತೂತಿನ ಕೊಡೆ ಹಿಡಿದ ಹಾಗೆ. ಅದೃಷ್ಟಕ್ಕೆ ಡ್ರೂ 2009ರಲ್ಲಿ 137 ಆಟ ಆಡಿದ, 24 ಹೋಮ್ ರನ್ ಹೊಡೆದ. ಅವನು ಜೂನ್‌ನಲ್ಲೇ ಬಿದ್ದಿದ್ದರೆ ನಿಮ್ಮ ಗೆಳೆಯರ ವಾದ ಇಷ್ಟು ವರ್ಷ ಎಳೆಯುತ್ತಿರಲಿಲ್ಲ, ಎಲ್ಲರೂ ನಿಮ್ಮ ಕಡೆಯೇ ಇರುತ್ತಿದ್ದರು. ತಪ್ಪು ಬಾಲ್ಡೆಲ್ಲಿಯನ್ನು ತಂದದ್ದರಲ್ಲಿ ಇಲ್ಲ. ಅವನ ಪಕ್ಕದಲ್ಲಿ ಗಟ್ಟಿ ಮೈಯ ಐದನೆಯವನನ್ನು ಸೀಸನ್ ಶುರುವಿನಿಂದಲೇ ಇಟ್ಟುಕೊಳ್ಳಬೇಕಿತ್ತು.

ಬಾಲ್ಡೆಲ್ಲಿ 2011ರ ಜನವರಿಯಲ್ಲಿ ನಿವೃತ್ತನಾದ, ಆಗ ಅವನಿಗೆ ಇನ್ನೂ 29. ಎಂಟು ವರ್ಷದ ಮೇಲೆ ಮಿನೆಸೋಟ ಟ್ವಿನ್ಸ್‌ಗೆ ಮ್ಯಾನೇಜರ್ ಆಗಿ, ಮೊದಲ ವರ್ಷವೇ 101 ಆಟ ಗೆಲ್ಲಿಸಿದ. ಇದನ್ನು ನಿಮ್ಮ ಗೆಳೆಯರಿಗೆ ಹೇಳಿ, ಅವರಿಗೆ ಗೊತ್ತೇ ಇರುತ್ತದೆ, ಆದರೂ ಹೇಳಿ.

ನನ್ನದೊಂದು ಕೇಳಿಕೆ ಇದೆ. ಆ ರೈಟ್ ಫೀಲ್ಡ್ ಸೀಟಿನಿಂದ ಬಾಲ್ಡೆಲ್ಲಿ ಆಡಿದ್ದನ್ನು ಒಮ್ಮೆ ಕಣ್ಣಾರೆ ನೋಡಿದ್ದೇನೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅವತ್ತು ಅವನು ಹೇಗೆ ಓಡಿದ, ಚೆಂಡು ಬಂದಾಗ ಎಲ್ಲಿ ನಿಂತಿದ್ದ, ಪಕ್ಕದಲ್ಲಿ ಕೂತವರು ಏನಂದರು, ಅದನ್ನು ಎರಡು ಪುಟ ಬರೆದು ಈ ತಿಂಗಳ 20ರೊಳಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.